ನಾವು ಹಾಸ್ಟೆಲ್ ಬಿಟ್ಟ ಮೇಲೆ ಈ ಗೊಬ್ಬರದ ಗುಂಡಿ ನೋಡುವವರು ಯಾರು?

ಮೂರನೇ ಮಹಡಿ

ಈ ಚರ್ಚಾವೇದಿಕೆಯ ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಎಂಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಒಂದು ವಿಷಯ ತಲೆ ಕೊರೆಯುತ್ತಿದೆ. ನಿಮ್ಮನ್ನು ಕೇಳಬೇಕು.

ಹೋದ ವರ್ಷ ನಾವು ಏಳು ಜನ ಸೇರಿ ಮೆಸ್ ಹಿಂದೆ ಗೊಬ್ಬರದ ಗುಂಡಿ ಮಾಡಿದೆವು. ಮೆಸ್‌ನಲ್ಲಿ ಉಂಡ ಮೇಲೆ ತಾಟಿನಲ್ಲಿ ಉಳಿದದ್ದನ್ನು ಒಂದು ನೀಲಿ ಡ್ರಮ್ಮಿಗೆ ಸುರಿಯುತ್ತಾರೆ. ಒಂದು ರಾತ್ರಿ ಕೈ ತೊಳೆಯಲು ಹೋದಾಗ ಅದರೊಳಗೆ ನೋಡಿದೆ. ಜೋಳದ ರೊಟ್ಟಿಗಳು ಇದ್ದವು. ಮುರಿಯದ ರೊಟ್ಟಿಗಳು, ಒಂದು ತುತ್ತೂ ತಿಂದಿರಲಿಲ್ಲ. ನಮ್ಮ ಮನೆಯಲ್ಲಿ ಅವ್ವ ಒಲೆ ಮುಂದೆ ಕೂತು ರೊಟ್ಟಿ ಬಡಿಯುವುದನ್ನು ನೋಡಿಯೇ ನಾನು ದೊಡ್ಡವಳಾದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಆ ಡ್ರಮ್ ತೆಗೆಸಿದೆವು. ಅದರ ಜಾಗದಲ್ಲಿ ಎಲ್ಲರಿಗೂ ಕಾಣುವ ಹಾಗೆ ಬಕೆಟ್ ಇಟ್ಟೆವು. ದಿನಾ ಎಷ್ಟು ಬಕೆಟ್ ತುಂಬಿತು ಅಂತ ಮೆಸ್ ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದೆವು. ಯಾರಿಗೂ ಬೈಯಲಿಲ್ಲ. ಅರ್ಧ ರೊಟ್ಟಿ ಕೇಳಿದವರಿಗೆ ಅರ್ಧ ಕೊಡಲು ಮೆಸ್ ಕಾಕಾ ಒಪ್ಪಿದರು. ಅದೇ ದೊಡ್ಡ ಕೆಲಸ ಮಾಡಿತು. ನಾಲ್ಕು ಬಕೆಟ್ ಇದ್ದದ್ದು ಒಂದು ತಿಂಗಳಲ್ಲಿ ಎರಡೂವರೆಗೆ ಇಳಿಯಿತು. ಉಳಿದದ್ದು ಗುಂಡಿಗೆ ಹೋಗುತ್ತದೆ.

ಈಗ ಕಷ್ಟ ಏನು ಅಂದರೆ, ಏಳರಲ್ಲಿ ಐದು ಜನ ಈ ಬೇಸಿಗೆಗೆ ಹೋಗುತ್ತೇವೆ. ಉಳಿದ ಇಬ್ಬರು ಪರೀಕ್ಷೆ, ಪ್ರಾಜೆಕ್ಟ್ ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ನಮಗಿಂತ ಮುಂಚಿನ ಬ್ಯಾಚಿನವರು ಜೂನ್ 5ಕ್ಕೆ, ಪರಿಸರ ದಿನಕ್ಕೆ, ಸಸಿ ನೆಟ್ಟಿದ್ದರು. ಹೋದ ವಾರ ನೋಡಲು ಹೋದೆ. ಬಿದಿರಿನ ಕಟಾಂಜನ ನಿಂತಿವೆ, ಒಳಗೆ ಗಿಡ ಇಲ್ಲ. ನಮ್ಮ ಗುಂಡಿಯೂ ಹಾಗೇ ಆಗಬಾರದು. ಬೇರೆ ಕ್ಯಾಂಪಸ್‌ಗಳಲ್ಲಿ ಇಂಥದ್ದು ಉಳಿದಿದ್ದರೆ ಹೇಗೆ ಉಳಿಯಿತು, ಹೇಳಿ.

ಎರಿಹೊಲ

ತಂಗಿ, ನಾನು ಕೃಷಿ ಓದಿದವನು. ಗುಂಡಿ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ವಾಸನೆ ಬಂದರೆ ಹುಡುಗರು ಮೊದಲ ವಾರವೇ ಓಡಿಹೋಗುತ್ತಾರೆ. ಆಮೇಲೆ ಯಾವ ಸಂಘಟನೆಯೂ ಕೆಲಸಕ್ಕೆ ಬರುವುದಿಲ್ಲ.

ಮೆಸ್‌ನ ಅನ್ನ, ಪಲ್ಯ, ತರಕಾರಿ ಸಿಪ್ಪೆಯಲ್ಲಿ ಸಾರಜನಕ ಮತ್ತು ನೀರು ಜಾಸ್ತಿ. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಚೆನ್ನಾಗಿ ಕೊಳೆಯಲು ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು. ಇದನ್ನು ಲೆಕ್ಕ ಹಾಕುತ್ತಾ ಕೂರಬೇಡಿ. ಒಂದು ಬಕೆಟ್ ಹಸಿ ಕಸಕ್ಕೆ ಮೂರು ಬಕೆಟ್ ಒಣ ಎಲೆ ಹಾಕಿ, ಸಾಕು. ಮುಷ್ಟಿಯಲ್ಲಿ ಹಿಂಡಿದರೆ ಹಿಂಡಿದ ಅರಿವೆಯಷ್ಟು ಮಾತ್ರ ಪಸೆ ಇರಬೇಕು. ನೀರು ತೊಟ್ಟಿಕ್ಕಿದರೆ ಎಲೆ ಕಡಿಮೆಯಾಗಿದೆ ಅಂತ ಅರ್ಥ. ವಾರಕ್ಕೊಮ್ಮೆ ಸಲಿಕೆಯಿಂದ ಮೇಲೆ ಕೆಳಗೆ ಮಾಡಿ. ಶುರುವಿಗೆ ಸ್ವಲ್ಪ ಸೆಗಣಿ ನೀರು ಚಿಮುಕಿಸಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ.

ಎಲ್ಲರೂ ಎಡವುವುದು ಎಲೆಯ ವಿಷಯದಲ್ಲಿ. ನಮ್ಮ ಕಡೆ ಎಲೆ ಉದುರುವುದು ಜನವರಿಯಿಂದ ಮಾರ್ಚ್. ಆಗ ಗುಡಿಸಿ ಸುಟ್ಟುಬಿಡುತ್ತಾರೆ. ಜುಲೈನಲ್ಲಿ ಎಲ್ಲ ತೊಯ್ದು ಮುದ್ದೆಯಾದಾಗ ಒಣ ಎಲೆ ಎಲ್ಲಿಂದ ತರುತ್ತೀರಿ? ಗುಂಡಿ ನಾರುವುದು ಆಗಲೇ. ಅದಕ್ಕೆ ಬೇಸಿಗೆಯಲ್ಲೇ ಎಲೆ ಕೂಡಿಡಬೇಕು. ನಾಲ್ಕು ಕಂಬ, ಸುತ್ತ ಹಳೆಯ ಬಲೆ, ಮೇಲೆ ತಗಡು. ಇಷ್ಟೇ ಬೇಕು.

ಸುಡುವವರಿಗೆ ಇದನ್ನೂ ಹೇಳಿ: 2016ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿತು. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ ಇಟ್ಟಿತು.

ನೇರ ಮಾತು

ನನ್ನ ಅಭಿಪ್ರಾಯ ಬೇರೆ. ಮಕ್ಕಳು ಫೀ ಕಟ್ಟಿ ಓದಲು ಬಂದಿದ್ದಾರೆ. ಕಸ, ನೀರು, ಕರೆಂಟು ನೋಡುವುದು ಆಡಳಿತದ ಕೆಲಸ. ಅವರು ಮಾಡದ ಕೆಲಸವನ್ನು ಹುಡುಗರ ಹೆಗಲಿಗೆ ಹಾಕಿ, ಇದೇ ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಆ ಏಳು ಜನರ ಬಗ್ಗೆ ನನಗೆ ಗೌರವ ಇದೆ. ಆದರೆ ಅವರು ಹೋದ ಮೇಲೆ ನಿಂತುಹೋಗುವುದೇ ತೋರಿಸುತ್ತದೆ, ಇದು ಏಳು ಜನ ಹೊರುವ ಭಾರ ಅಲ್ಲ ಅಂತ.

ಅವ್ವನ ಮಗಳು

ನಾನು ಹೆಚ್ಚು ಬರೆಯುವವಳಲ್ಲ. ಇವತ್ತು ಬರೆಯಲೇಬೇಕು ಅನ್ನಿಸಿತು.

ನನ್ನ ಅವ್ವ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಕಸ ಹೊಡೆಯುತ್ತಾಳೆ. ಗುತ್ತಿಗೆ ಕೆಲಸ, ಹನ್ನೊಂದು ವರ್ಷ ಆಯಿತು. ಬೆಳಗ್ಗೆ ಆರಕ್ಕೆ ಮನೆ ಬಿಡುತ್ತಾಳೆ. ಎರಡು ವರ್ಷದ ಹಿಂದೆ ಅಲ್ಲಿಯ ಹುಡುಗರು ಹಸಿರು, ನೀಲಿ, ಕೆಂಪು ಡಬ್ಬಿ ತಂದು ಸಾಲಾಗಿ ಇಟ್ಟರು. ಭಾಷಣ ಆಯಿತು, ಫೋಟೊ ಆಯಿತು. ಯಾವ ಬಣ್ಣದ್ದರಲ್ಲಿ ಏನು ಹಾಕಬೇಕು ಅಂತ ಅವ್ವನಿಗೆ ಯಾರೂ ಹೇಳಲಿಲ್ಲ. ಆ ಡಬ್ಬಿ ತೊಳೆಯುವವಳು ಅವಳೇ. ಸಾಯಂಕಾಲ ಬರುವ ಗಾಡಿಯಲ್ಲಿ ಬೇರೆ ಬೇರೆ ಖಾನೆ ಇರಲಿಲ್ಲ. ಮೂರನ್ನೂ ಒಂದೇ ಕಡೆ ಸುರಿಯುತ್ತಿದ್ದಳು. ಒಂದು ದಿನ ಒಬ್ಬ ಹುಡುಗ ನೋಡಿ ಅವಳ ಮೇಲೆ ರೇಗಿದ. ನಾವು ಬೇರೆ ಮಾಡಿದ್ದನ್ನು ನೀವು ಯಾಕೆ ಕೂಡಿಸುತ್ತೀರಿ ಅಂತ. ಅವ್ವ ಏನೂ ಅನ್ನಲಿಲ್ಲ. ಮನೆಗೆ ಬಂದು ನನಗೆ ಹೇಳಿದಳು.

ಹೆಣ್ಣುಮಕ್ಕಳ ಹಾಸ್ಟೆಲ್‌ನಲ್ಲಿ ಇನ್ನೂ ಕಷ್ಟ. ಪ್ಯಾಡ್‌ಗಳನ್ನು ಸುತ್ತದೆ ಹಾಗೇ ಹಾಕುತ್ತಾರೆ. ಒಡೆದ ಗಾಜು, ಬ್ಲೇಡು ಎಲೆಯ ಜೊತೆ ಇರುತ್ತದೆ. ಅವಳ ಎಡಗೈ ಹೆಬ್ಬೆರಳಿಗೆ ಹೊಲಿಗೆ ಬಿದ್ದ ಗುರುತು ಇದೆ.

ಅಕ್ಕ, ನೀವು ಒಳ್ಳೆಯ ಕೆಲಸ ಮಾಡಿದ್ದೀರಿ. ನಿಮ್ಮನ್ನು ಒಂದೇ ಕೇಳುತ್ತೇನೆ. ನಿಮ್ಮ ಆವರಣದಲ್ಲಿ ಎಲೆ ಗುಡಿಸುವವರು ಯಾರು? ಗುಂಡಿ ಎಲ್ಲಿ ತೋಡಬೇಕು ಅಂತ ಅವರನ್ನು ಕೇಳಿದ್ದಿರಾ?

ಮೂರನೇ ಮಹಡಿ

ಕೇಳಿರಲಿಲ್ಲ. ಎಲೆ ಗುಡಿಸುವ ಅಕ್ಕನ ಮುಖ ಗೊತ್ತು, ಹೆಸರು ಗೊತ್ತಿರಲಿಲ್ಲ. ಇವತ್ತು ಮಧ್ಯಾಹ್ನ ಹೋಗಿ ಕೇಳಿದೆ. ಅವರು ದಿನಾ ಎಲೆಯ ಬುಟ್ಟಿ ಹೊತ್ತು ಆವರಣದ ಆ ತುದಿಗೆ ಹೋಗಿ ಸುರಿದು ಬರುತ್ತಿದ್ದರಂತೆ. ನಮ್ಮ ಗುಂಡಿ ಮೆಸ್ ಹಿಂದೆ, ಅವರ ದಾರಿಗೆ ಪೂರ್ತಿ ಉಲ್ಟಾ. ನಾವೇ ಭಾನುವಾರ ಎಲೆ ಹೊತ್ತು ತರುತ್ತಿದ್ದೆವು, ಅವರು ಅತ್ತ ಹೊತ್ತು ಹಾಕುತ್ತಿದ್ದರು. ಒಂದು ವರ್ಷ ಇದು ನಮ್ಮ ಕಣ್ಣಿಗೇ ಬೀಳಲಿಲ್ಲ. ಬರೆದದ್ದಕ್ಕೆ ನಿಮಗೂ ನಿಮ್ಮ ಅವ್ವನಿಗೂ ನಮಸ್ಕಾರ.

ಹಳೆ ಮಾಸ್ತರ

ನಾನು ಪದವಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತನಾದವನು. ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಜವಾಬ್ದಾರಿಯನ್ನೂ ಕೆಲವು ವರ್ಷ ನೋಡಿದ್ದೇನೆ. ನೇರ ಮಾತು ಅವರು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಆಡಳಿತ ಜಾರಿಕೊಳ್ಳಬಾರದು. 2016ರ ಘನತ್ಯಾಜ್ಯ ನಿಯಮದಲ್ಲೇ ಹೀಗೆ ಇತ್ತು: 5,000 ಚದರ ಮೀಟರ್‌ಗಿಂತ ದೊಡ್ಡ ಆವರಣ ಇರುವ ಸಂಸ್ಥೆಗಳು ಕಸವನ್ನು ಮೂಲದಲ್ಲೇ ಬೇರೆ ಮಾಡಬೇಕು, ಹಸಿ ಕಸವನ್ನು ಸಾಧ್ಯವಾದ ಮಟ್ಟಿಗೆ ತಮ್ಮ ಆವರಣದಲ್ಲೇ ಗೊಬ್ಬರವನ್ನೋ ಗ್ಯಾಸನ್ನೋ ಮಾಡಬೇಕು. ಕರ್ನಾಟಕ ವಿಶ್ವವಿದ್ಯಾಲಯದ ಆವರಣವೇ 888 ಎಕರೆ. ಇಂಥ ದೊಡ್ಡ ಜಾಗವನ್ನು ಏಳು ಹುಡುಗರು ಹೇಗೆ ನೋಡಿಕೊಳ್ಳುತ್ತಾರೆ?

ಆದರೆ ಇನ್ನರ್ಧ ಒಪ್ಪುವುದಿಲ್ಲ. ಹುಡುಗರು ಕೈ ಹಾಕದ ಕೆಲಸ ಕಾಗದದಲ್ಲೇ ಉಳಿಯುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವಾಗ ಏಳನೇ ಮಾನದಂಡದಲ್ಲಿ ಮಳೆನೀರು ಕೊಯ್ಲು, ಕಸದ ನಿರ್ವಹಣೆ, ವಿದ್ಯುತ್ ಉಳಿತಾಯ, ಹಸಿರು ಆಡಿಟ್ ಎಲ್ಲ ಕೇಳುತ್ತಿದ್ದರು. ಆ ಕಡತ ತಯಾರು ಮಾಡುವ ತಂಡದಲ್ಲಿ ನಾನೂ ಇದ್ದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆವು. ಆದರೆ ಕಡತ ಮುಗಿದ ಮೇಲೆ ಮಳೆನೀರಿನ ಇಂಗುಗುಂಡಿಯ ಹೂಳು ತೆಗೆಯಬೇಕು ಅಂತ ನೆನಪಿಟ್ಟವರು ಯಾರೂ ಇರಲಿಲ್ಲ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ದಾರಿ ಇರುವುದು ಪಠ್ಯದಲ್ಲೇ, ಮಕ್ಕಳೇ. ಸುಪ್ರೀಂ ಕೋರ್ಟ್ 1991ರಲ್ಲಿ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂದಿತು. ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಪದವಿ ಮಟ್ಟಕ್ಕೆ ಆರು ತಿಂಗಳ ಪಠ್ಯ ಮಾಡಿತು. ಅದರಲ್ಲಿ 25 ಅಂಕ ಕ್ಷೇತ್ರಕಾರ್ಯಕ್ಕೆ ಇಟ್ಟಿದ್ದರು. ಬಹಳ ಕಡೆ ಆ ಅಂಕಕ್ಕೆ ಹುಡುಗರು ಒಂದು ಫೈಲು ನಕಲು ಮಾಡಿ ಕೊಡುತ್ತಾರೆ. ಅದರ ಬದಲು ತಮ್ಮ ಮೆಸ್‌ನ ಬಕೆಟ್ ಎಣಿಸಲಿ. ತಮ್ಮ ಹಾಸ್ಟೆಲ್‌ನ ಸೋರುವ ನಳ ಎಣಿಸಲಿ. ಪ್ರತಿ ವರ್ಷ ಹೊಸ ತರಗತಿ ಬರುತ್ತದೆ, ಪ್ರತಿ ವರ್ಷ ಎಣಿಕೆ ನಡೆಯುತ್ತದೆ.

ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ತಾಸು, ಎರಡು ವರ್ಷಕ್ಕೆ 240 ತಾಸು ಸೇವೆ ಮಾಡಬೇಕು. ದಿನಾ ಅರ್ಧ ತಾಸು ಗುಂಡಿ ನೋಡಿದರೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಎನ್‌ಎಸ್‌ಎಸ್ ಅಧಿಕಾರಿಗೆ ಒಂದು ಅರ್ಜಿ ಬರೆಯಿರಿ. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ.

ಜುಬಿಲಿ ಸರ್ಕಲ್

ಮಾಸ್ತರರ ಮಾತು ಸರಿ. ಓಡಾಟದ್ದೂ ಎಣಿಸಿ. 2018ರಿಂದ ಹುಬ್ಬಳ್ಳಿ-ಧಾರವಾಡ ನಡುವೆ ಚಿಗರಿ ಬಸ್ಸು ಇದೆ. ಆದರೂ ನಮ್ಮ ಕ್ಲಾಸಿನಲ್ಲಿ ಅರ್ಧ ಜನ ಹುಬ್ಬಳ್ಳಿಯಿಂದ ಬೈಕ್ ಮೇಲೆ ಬರುತ್ತಾರೆ. ಸರ್ಕಲ್‌ನಲ್ಲಿ ಇಳಿದ ಮೇಲೆ ಕ್ಯಾಂಪಸ್ ತನಕ ಮುಟ್ಟುವುದೇ ತ್ರಾಸು ಅನ್ನುತ್ತಾರೆ.

ಹಾನಗಲ್ಲಿನವ

ಗಿಡ ಸತ್ತು ಕಟಾಂಜನ ಉಳಿದ ಮಾತು ಓದಿ ನಮ್ಮ ತಾಲ್ಲೂಕಿನ ಕುಸನೂರು ನೆನಪಾಯಿತು. ಇಲ್ಲಿಯ ಹುಡುಗರಿಗೆ ಆ ಕಥೆ ಗೊತ್ತಿರಬೇಕು.

1984ರಲ್ಲಿ ಸರ್ಕಾರ ಮತ್ತು ಒಂದು ಕಾರ್ಖಾನೆ ಸೇರಿ ಜಂಟಿ ಕಂಪನಿ ಮಾಡಿದವು. ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ಕಾರ್ಖಾನೆಗೆ ಬೇಕಾದ ಮರದ ತಿರುಳಿಗಾಗಿ ನೀಲಗಿರಿ ಬೆಳೆಯುವುದು ಲೆಕ್ಕ. ಆ ಭೂಮಿಯಲ್ಲಿ ಊರಿನವರು ದನ ಮೇಯಿಸುತ್ತಿದ್ದರು, ಸೌದೆ ತರುತ್ತಿದ್ದರು. ನೀಲಗಿರಿ ಎಲೆಯನ್ನು ದನ ಮೂಸುವುದೂ ಇಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅನ್ನುವ ಸಂಘಟನೆ, ಅದರ ಎಸ್.ಆರ್. ಹಿರೇಮಠ ಅವರು ಮುಂದೆ ನಿಂತಿದ್ದರು. ನೀಲಗಿರಿ ಸಸಿ ಕಿತ್ತು, ಅಲ್ಲೇ ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಅದಕ್ಕೆ ಹೆಸರು. ಕೋರ್ಟಿಗೂ ಹೋದರು. 1991ರಲ್ಲಿ ಆ ಕಂಪನಿ ಮುಚ್ಚುವ ತೀರ್ಮಾನ ಆಯಿತು.

ನಾನು ಆಗ ಚಿಕ್ಕವನು. ದೊಡ್ಡವರು ಹೇಳಿದ್ದನ್ನು ಕೇಳಿ ಬೆಳೆದೆ. ಯಾವ ಗಿಡ ಬೇಕು ಅಂತ ಆ ಊರಿನ ಜನಕ್ಕೆ ಗೊತ್ತಿತ್ತು. ಕ್ಯಾಂಪಸ್‌ನಲ್ಲಿ ಆ ಪ್ರಶ್ನೆ ಯಾರೂ ಕೇಳುವುದಿಲ್ಲ. ನರ್ಸರಿಯಿಂದ ಏನು ಬಂತೋ ಅದನ್ನು ಸಾಲಾಗಿ ನೆಡುತ್ತಾರೆ. ಹುಣಸೆ, ನೇರಳೆ, ಮಾವು, ಹೊಂಗೆ ನೆಟ್ಟು ನೋಡಿ. ನೇರಳೆ ಹಣ್ಣು ತಿನ್ನಲಿಕ್ಕೆ ಹತ್ತು ವರ್ಷದ ಮೇಲೂ ಹುಡುಗರು ಆ ಗಿಡದ ಹತ್ತಿರ ಹೋಗುತ್ತಾರೆ. ಹೊಂಗೆ ನೆರಳಿಗೆ ಬೈಕ್ ನಿಲ್ಲಿಸುವವರು ಅದಕ್ಕೆ ಕೊಡಲಿ ಹಾಕಲು ಬಿಡುವುದಿಲ್ಲ.

ಬಿಂಕದಕಟ್ಟಿ

ಗದಗದಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಳೆ ನಿಮಗಿಂತ ಕಡಿಮೆ. ಕಪ್ಪತಗುಡ್ಡ ಕಣ್ಣೆದುರಿಗೇ ಇದೆ. ಅದು ಗಣಿಗೆ ಹೋಗಬಾರದು ಅಂತ ಮಠದ ಸ್ವಾಮಿಗಳು, ರೈತರು, ವಿದ್ಯಾರ್ಥಿಗಳು ಎಲ್ಲ ಬೀದಿಗೆ ಇಳಿದರು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮ ಆಯಿತು.

ಸಸಿ ವಿಷಯಕ್ಕೆ ಬರುತ್ತೇನೆ. ಜೂನ್ 5 ಅಂದರೆ ಇನ್ನೂ ರೋಹಿಣಿ ಮಳೆ. ನಮ್ಮ ಹಿರಿಯರು ಮಿರಗ, ಅಂದರೆ ಮೃಗಶಿರ ಮಳೆ, ಕೂಡಿ ನೆಲ ತೊಯ್ದ ಮೇಲೆ ಗಿಡ ಹಚ್ಚುತ್ತಿದ್ದರು. ಮಿರಗ ಬರುವುದೇ ಜೂನ್ 7-8ಕ್ಕೆ. ಪರಿಸರ ದಿನ ಅಂತ ಒಣ ನೆಲದಲ್ಲಿ ನೆಟ್ಟು ಹೋಗುತ್ತೇವೆ. ಹಾಸ್ಟೆಲ್ ಆಗ ಅರ್ಧ ಖಾಲಿ ಬೇರೆ. ಜೂನ್ 5ಕ್ಕೆ ಗುಂಡಿ ತೋಡಿ, ಗೊಬ್ಬರ ಹಾಕಿ ಇಡಿ. ಹುಡುಗರು ಮರಳಿ ಬಂದ ಮೇಲೆ, ಹದ ಮಳೆ ನೋಡಿ ನೆಡಿ.

ಬೇಸಿಗೆಗೆ ಗಡಿಗೆ ಉಪಾಯ ಇದೆ. ಸಸಿಯ ಬುಡದಿಂದ ಒಂದು ಅಡಿ ದೂರದಲ್ಲಿ ಮಣ್ಣಿನ ಗಡಿಗೆಯನ್ನು ಕುತ್ತಿಗೆ ತನಕ ಹೂಳಬೇಕು. ನೀರು ತುಂಬಿ ಮೇಲೆ ಹಂಚು ಮುಚ್ಚಬೇಕು. ನೀರು ಗಡಿಗೆಯ ಮೈಯಿಂದ ಮೆಲ್ಲಗೆ ಜಿನುಗಿ ಬೇರಿಗೆ ಹೋಗುತ್ತದೆ. ದಿನಾ ನೀರು ಹಾಕುವುದು ತಪ್ಪುತ್ತದೆ. ಸೊಳ್ಳೆ ಆಗದ ಹಾಗೆ ಹಂಚು ಸರಿಯಾಗಿ ಕೂತಿರಬೇಕು. ಒಬ್ಬ ಹುಡುಗನಿಗೆ ಐದು ಗಡಿಗೆ ಅಂತ ಹಂಚಿದರೆ ಅವನು ಮರೆಯುವುದಿಲ್ಲ.

ವಿದ್ಯಾನಗರದಾಕಿ

ನಾನು ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಫ್ಯಾನಿನ ಲೆಕ್ಕ ಕೊಡುತ್ತೇನೆ. ಹಳೆಯ ಫ್ಯಾನು ಸುಮಾರು 75 ವಾಟ್ ತಿನ್ನುತ್ತದೆ. ಕಡಿಮೆ ಕರೆಂಟು ತಿನ್ನುವ ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್. ದಿನಕ್ಕೆ 10 ತಾಸು, ವರ್ಷಕ್ಕೆ 250 ದಿನ ಓಡಿದರೆ ಒಂದು ಫ್ಯಾನಿಗೆ 110 ಯೂನಿಟ್ ಮೇಲೆ ಉಳಿಯುತ್ತದೆ. ಇನ್ನೂರು ಕೋಣೆ ಇದ್ದರೆ ನೀವೇ ಗುಣಿಸಿ. ಈ ಕೆಲಸಕ್ಕೆ ದುಡ್ಡು ಬೇಕು, ಅದು ಆಡಳಿತದ್ದು. ನಾವು ಲೆಕ್ಕ ತೆಗೆದು ಕೈಗೆ ಕೊಟ್ಟರೆ ಅವರು ಇಲ್ಲ ಅನ್ನುವುದು ಕಷ್ಟ.

ನೀರಿನದೂ ಹೇಳಬೇಕು. ನಮ್ಮ ಅವಳಿ ನಗರಕ್ಕೆ ನೀರು ಸವದತ್ತಿಯ ಹತ್ತಿರದ ರೇಣುಕಾಸಾಗರದಿಂದ, ನೀರಸಾಗರದಿಂದ ಬರುತ್ತದೆ. 2008ರಲ್ಲಿ ಎಂಟು ವಾರ್ಡಿಗೆ ದಿನದ 24 ತಾಸೂ ನೀರು ಕೊಡುವುದು ಶುರುವಾಯಿತು. ನಮ್ಮ ಓಣಿ ಅದರಲ್ಲಿ ಇಲ್ಲ. ನಮಗೆ ನೀರು ಬರುವ ದಿನ ಅಜ್ಜಿ ಕೊಡ, ಟಾಕಿ, ಪಾತ್ರೆ ಎಲ್ಲ ತುಂಬಿಡುತ್ತಾಳೆ. ಅದೇ ಊರಿನ ಹಾಸ್ಟೆಲ್‌ನಲ್ಲಿ ನಳ ರಾತ್ರಿಯೆಲ್ಲ ಸೋರುತ್ತದೆ. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ 15 ಲೀಟರ್ ಮೇಲೆ ಹೋಗುತ್ತದೆ. ವಾಷರ್ ಬದಲಿಸುವುದು ಹತ್ತು ನಿಮಿಷದ ಕೆಲಸ. ನಾನು ಕಲಿತೆ, ನನ್ನ ಮಹಡಿಯ ನಳಗಳನ್ನು ನಾನೇ ನೋಡಿಕೊಳ್ಳುತ್ತೇನೆ.

ಮಳೆ ಲೆಕ್ಕ ಇನ್ನೂ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 600 ಚದರ ಮೀಟರ್ ಮಾಳಿಗೆಯ ಮೇಲೆ 20 ಮಿಲಿಮೀಟರ್ ಬಿದ್ದರೆ 12,000 ಲೀಟರ್. ಅಂದರೆ ಎರಡು ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ದುಡ್ಡು ಕೊಟ್ಟವರಿಗೆ ಇದರ ಬೆಲೆ ಗೊತ್ತು.

ನೇರ ಮಾತು

ಫ್ಯಾನಿನ ಮಾತು ನನಗೆ ಹಿಡಿಸಿತು. ಹುಡುಗರು ಲೆಕ್ಕ ತೆಗೆಯಲಿ, ಆಡಳಿತ ದುಡ್ಡು ಹಾಕಲಿ. ಹಾಗಾದರೆ ನನ್ನ ತಕರಾರು ಇಲ್ಲ. ಗುಂಡಿಗೂ ಹಾಗೇ ಆಗಲಿ. ಸಲಿಕೆ, ಕೈಗವಸು, ತಗಡು ಹುಡುಗರ ಕಿಸೆಯಿಂದ ಬರಬಾರದು. ಎಲೆ ಗುಡಿಸುವ ಅಕ್ಕನ ಕೆಲಸ ಜಾಸ್ತಿ ಆಗುವುದಾದರೆ ಪಗಾರವೂ ಜಾಸ್ತಿ ಆಗಬೇಕು.

ಅವ್ವನ ಮಗಳು

ಪಗಾರದ ಮಾತು ಎತ್ತಿದ್ದಕ್ಕೆ ನಿಮಗೆ ಧನ್ಯವಾದ ಸರ್. ಈ ಚರ್ಚೆಯನ್ನು ಅವ್ವನಿಗೆ ಓದಿ ಹೇಳಿದೆ. ಪ್ಯಾಡ್ ಬಗ್ಗೆ ಬರಿ ಅಂದಳು. ಹಳೆ ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಿಂದ ಒಂದು ಚುಕ್ಕಿ ಇಟ್ಟು, ಬೇರೆ ಡಬ್ಬಿಗೆ ಹಾಕಬೇಕು. ಒಡೆದ ಗಾಜನ್ನೂ ಸುತ್ತಿ ಬೇರೆ ಇಡಬೇಕು. ಇಷ್ಟು ಮಾಡಿದರೆ ಕೈ ಹಾಕುವ ಮೊದಲೇ ಗೊತ್ತಾಗುತ್ತದೆ ಅಂದಳು.

ಮೂರನೇ ಮಹಡಿ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಪರೀಕ್ಷೆ ನಡುವೆ ತಡವಾಯಿತು.

ಗುಂಡಿ ಜಾಗ ಬದಲಾಯಿತು. ಎಲೆ ಗುಡಿಸುವ ಅಕ್ಕನೇ ತೋರಿಸಿದರು. ದೊಡ್ಡ ಬಸರಿ ಮರದ ಪಕ್ಕ, ರಸ್ತೆಗೆ ಹತ್ತಿರ. ಮಧ್ಯಾಹ್ನ ಅಲ್ಲಿ ನೆರಳು ಇರುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುವುದಿಲ್ಲ ಅಂದರು. ಅವರು ಹತ್ತಿಪ್ಪತ್ತು ಹೆಜ್ಜೆ ನಡೆದರೆ ಸಾಕು. ಮೆಸ್ ಬಕೆಟ್‌ಗಳನ್ನು ನಾವು ಕೈಗಾಡಿಯಲ್ಲಿ ತರುತ್ತೇವೆ. ಕ್ರಿಕೆಟ್ ಹುಡುಗರ ಹತ್ತಿರ ಹರಿದ ಬಲೆ ಸಿಕ್ಕಿತು, ಎಲೆಗೆ ಪಂಜರ ಆಯಿತು. ತಗಡು, ಕೈಗವಸು ಕೊಡಿಸಿ ಅಂತ ವಾರ್ಡನ್ ಅವರಿಗೆ ಬರೆದುಕೊಟ್ಟೆವು. ಕೈಗವಸು ಬಂತು. ತಗಡು ಇನ್ನೂ ಬಂದಿಲ್ಲ, ಮತ್ತೆ ಕೇಳುತ್ತೇವೆ. ಪಗಾರದ ಮಾತನ್ನೂ ಆ ಅರ್ಜಿಯಲ್ಲಿ ಬರೆದಿದ್ದೇವೆ. ಉತ್ತರ ಬಂದಿಲ್ಲ.

ಮಾಸ್ತರ ಹೇಳಿದ ಹಾಗೆ ಎನ್‌ಎಸ್‌ಎಸ್ ಅಧಿಕಾರಿಗೂ ಅರ್ಜಿ ಕೊಟ್ಟೆವು. ತಾಸು ಲೆಕ್ಕಕ್ಕೆ ಹಿಡಿಯುತ್ತೇವೆ ಅಂದರು. ಮೊದಲ ವರ್ಷದ ಹನ್ನೊಂದು ಜನ ಹೆಸರು ಕೊಟ್ಟಿದ್ದಾರೆ. ಪ್ರತಿ ದಿನ ಇಬ್ಬರ ಪಾಳಿ. ಬಕೆಟ್ ಎಣಿಕೆಯ ಪುಸ್ತಕ ಈಗ ಮೆಸ್ ಕಾಕಾ ಅವರ ಹತ್ತಿರ ಇರುತ್ತದೆ. ಕಾಕಾ ಇಪ್ಪತ್ತು ವರ್ಷದಿಂದ ಇದೇ ಅಡುಗೆಮನೆಯಲ್ಲಿದ್ದಾರೆ. ನಾವು ಬರುತ್ತೇವೆ ಹೋಗುತ್ತೇವೆ, ಪುಸ್ತಕ ಅವರ ಹತ್ತಿರ ಇದ್ದರೆ ಹೊಸಬರು ಹೋಗಿ ಕೇಳುತ್ತಾರೆ. ಮೂರನೇ ದಿನವೇ ಅವರು ಒಬ್ಬ ಹುಡುಗನನ್ನು ಕರೆದು, ನಿನ್ನೆ ಯಾಕೆ ಬರೆದಿಲ್ಲ ತಮ್ಮಾ ಅಂತ ಕೇಳಿದರಂತೆ.

ಹಳೆಯ ಗುಂಡಿಯ ಗೊಬ್ಬರ ನಿನ್ನೆ ತೆಗೆದೆವು. ಒಂಬತ್ತು ಚೀಲ ಆಯಿತು. ಎರಡು ಚೀಲ ಎಲೆ ಗುಡಿಸುವ ಅಕ್ಕ ತಮ್ಮ ಹಿತ್ತಲಿನ ಮೆಂತ್ಯ ಮಡಿಗೆ ಒಯ್ದರು. ಉಳಿದದ್ದನ್ನು ಸಸಿ ಗುಂಡಿಗಳಿಗೆ ಇಟ್ಟಿದ್ದೇವೆ. ಈ ಸಲ ನೇರಳೆ ಮತ್ತು ಹುಣಸೆ. ಮಿರಗ ಆದ ಮೇಲೆ ನೆಡುತ್ತಾರೆ. ನಾನು ಅಷ್ಟೊತ್ತಿಗೆ ಇಲ್ಲಿ ಇರುವುದಿಲ್ಲ.

ಎರಿಹೊಲ ಅಣ್ಣಾ, ಒಂದು ಕೇಳಬೇಕಿತ್ತು. ಜರಡಿ ಹಿಡಿದಾಗ ಮೇಲೆ ಟೊಂಗೆ ಚೂರು, ಮಾವಿನ ಗೊಪ್ಪ ಉಳಿದಿವೆ. ಅವನ್ನು ಏನು ಮಾಡಬೇಕು?

ಎರಿಹೊಲ

ಚೆಲ್ಲಬೇಡ ತಂಗಿ. ಹೊಸ ಗುಂಡಿಯ ತಳಕ್ಕೆ ಹಾಕು, ಕೆಳಗೆ ಗಾಳಿ ಆಡುತ್ತದೆ. ಅದರಲ್ಲಿ ಹಳೆಯ ಗೊಬ್ಬರದ ಜೀವಾಣುಗಳೂ ಅಂಟಿಕೊಂಡಿರುತ್ತವೆ, ಮುಂದಿನ ಗುಂಡಿಗೆ ಸೆಗಣಿ ನೀರು ಕಡಿಮೆ ಸಾಕು. ಮೊದಲ ವರ್ಷದವರಿಗೂ ಇದನ್ನು ತೋರಿಸಿ ಹೋಗು.